ಕಡತ ಯಾರ ಮೇಜಿಗೆ ಹೋಗಬೇಕು?

ಕೇಳುಗರಿಗೆ ನಮಸ್ಕಾರ. ಇವತ್ತು ಒಬ್ಬ ಕೈದಿಯ ವಿಷಯ ಹೇಳುತ್ತೇನೆ. ಯಾರಿಗೂ ಕನಿಕರ ಹುಟ್ಟದಂಥ ಕೈದಿ.

1986ರ ಏಪ್ರಿಲ್. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಸ್ರೇಲಿಗೆ ಹೊರಟಿದ್ದ ಒಬ್ಬ ಬಸುರಿಯ ಚೀಲ ತಪಾಸಣೆಗೆ ಬಂತು. ಸಾಮಾನೆಲ್ಲ ತೆಗೆದಿಟ್ಟ ಮೇಲೂ ಚೀಲ ಭಾರವಾಗೇ ಇದೆಯಲ್ಲ ಎಂದು ತಳ ಬಿಚ್ಚಿ ನೋಡಿದರೆ ಒಳಗೆ ಬಾಂಬ್. ಅವಳಿಗೆ ಪಾಪ ಏನೂ ಗೊತ್ತಿರಲಿಲ್ಲ. ಚೀಲ ಕೊಟ್ಟು ಕಳಿಸಿದ್ದು ಅವಳನ್ನು ಮದುವೆಯಾಗುತ್ತೇನೆ ಎಂದು ನಂಬಿಸಿದ್ದ ಜೋರ್ಡಾನಿನ ನೆಜಾರ್ ಹಿಂದಾವಿ. ಆ ವಿಮಾನದಲ್ಲಿ ನೂರಾರು ಜನರಿದ್ದರು. ಅವನಿಗೆ 45 ವರ್ಷ ಜೈಲಾಯಿತು. ಅದು ಜಾಸ್ತಿ ಅಂತ ನಾನು ಹೇಳುವುದಿಲ್ಲ.

ಆದರೆ 2006ರ ಡಿಸೆಂಬರ್‌ನಲ್ಲಿ ಇದೇ ಮನುಷ್ಯ, ಇನ್ನೊಬ್ಬ ವಿದೇಶಿ ಕೈದಿಯ ಜೊತೆ, ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಪೆರೋಲ್ ವಿಷಯದ ಒಂದು ಕೇಸು ಗೆದ್ದ. ಆಗ ಬ್ರಿಟನ್ನಿನ ಕೊನೆಯ ಕೋರ್ಟು ಅದೇ. ಗೆದ್ದದ್ದು ಸರಿ ಎಂದೇ ನಾನು ನಂಬುತ್ತೇನೆ.

ನಮ್ಮಲ್ಲಿ ಪೆರೋಲ್ ಅಂದರೆ ಮಗಳ ಮದುವೆಗೋ, ತಾಯಿ ತೀರಿಕೊಂಡಾಗಲೋ ಕೆಲವು ದಿನ ಹೊರಗೆ ಬಿಟ್ಟು ಮತ್ತೆ ಒಳಗೆ ಕರೆಸಿಕೊಳ್ಳುವುದು, ಅಲ್ವಾ? ಅಲ್ಲಿ ಅದು ಷರತ್ತು ಹಾಕಿ ಅವಧಿಗೆ ಮೊದಲೇ ಬಿಡುಗಡೆ ಮಾಡುವುದು. 1991ರ ಕಾನೂನಿನ ಪ್ರಕಾರ 4 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದವರ ಕಡತ ಅರ್ಧ ಅವಧಿ ಕಳೆದ ಮೇಲೆ ಪೆರೋಲ್ ಮಂಡಳಿಗೆ ಹೋಗುತ್ತಿತ್ತು. ಇವನು ಬದಲಾಗಿದ್ದಾನಾ, ಹೊರಗೆ ಬಂದರೆ ಮತ್ತೆ ಯಾರಿಗಾದರೂ ಅಪಾಯವಾ ಎಂದು ಅವರು ನೋಡುತ್ತಿದ್ದರು. ಗಡಿಪಾರಾಗಬೇಕಾದ ವಿದೇಶಿಯ ಕಡತ ಮಾತ್ರ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಅದನ್ನು ಗೃಹಮಂತ್ರಿಯೇ ತೀರ್ಮಾನಿಸುತ್ತಿದ್ದರು. ಮಂತ್ರಿ ಅಂದರೆ ಓಟು ಕೇಳಿ ಗೆದ್ದು ಬಂದವರು, ನಾಳೆ ಪತ್ರಿಕೆಯವರು ಏನು ಬರೆಯುತ್ತಾರೋ ಎಂಬ ಯೋಚನೆ ಇದ್ದೇ ಇರುತ್ತದೆ.

ಗಡಿಪಾರಾದವನ ಮೇಲೆ ನಿಗಾ ಇಡಲು ಆಗುವುದಿಲ್ಲ, ಅದಕ್ಕೇ ಈ ವ್ಯತ್ಯಾಸ ಎಂದು ಸರ್ಕಾರ ವಾದಿಸಿತು. ಮಾತು ಸುಳ್ಳಲ್ಲ. ಆದರೆ ಅದನ್ನೂ ಮಂಡಳಿಯೇ ತೂಗಿ ನೋಡಬಹುದಲ್ಲ, ಕಡತವನ್ನೇ ಕೊಡದೆ ಇರುವುದು ಯಾಕೆ? ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ 14ನೇ ವಿಧಿ ಹುಟ್ಟಿದ ನಾಡಿನ ಕಾರಣಕ್ಕೆ ಭೇದ ಮಾಡಬಾರದು ಎನ್ನುತ್ತದೆ. ಈ ನಿಯಮ ಆ ವಿಧಿಗೆ ಹೊಂದುವುದಿಲ್ಲ ಎಂದು ಲಾರ್ಡ್ಸ್ ಘೋಷಿಸಿದರು. ನಮ್ಮ ಸಂವಿಧಾನದಲ್ಲೂ ಸಮಾನತೆಯ ಮಾತು 14ನೇ ವಿಧಿಯಲ್ಲೇ ಇದೆ, ಅದೂ ಬರೀ ನಾಗರಿಕರಿಗಲ್ಲ, 'ಯಾವುದೇ ವ್ಯಕ್ತಿಗೆ' ಅಂತ.

ಅಲ್ಲಿ ಇಂಥ ಘೋಷಣೆಯಿಂದ ಕಾನೂನು ತಾನಾಗಿ ಬಿದ್ದುಹೋಗುವುದಿಲ್ಲ, ಪಾರ್ಲಿಮೆಂಟೇ ತಿದ್ದಬೇಕು. 2008ರಲ್ಲಿ ತಿದ್ದಿತು. ಕೇಸು ಗೆದ್ದ ದಿನ ಹಿಂದಾವಿಗೆ ಜೈಲಿನ ಬಾಗಿಲೇನೂ ತೆರೆಯಲಿಲ್ಲ. ಅವನಿಗೆ ಸಿಕ್ಕಿದ್ದು ಇಷ್ಟೇ, ಪಕ್ಕದ ಕೋಣೆಯ ಬ್ರಿಟಿಷ್ ಕೈದಿಯ ಕಡತ ಓದುವವರೇ ಅವನ ಕಡತವನ್ನೂ ಓದಬೇಕು ಎಂಬ ಮಾತು.