ಹನ್ನೊಂದರ ಹುಡುಗನ ಪಿಯಾನೋ: ಜೋಯಿ ಅಲೆಕ್ಸಾಂಡರ್ ಮೊದಲ ಆಲ್ಬಂ

ಕೇಳುಗರೆಲ್ರಿಗೂ ನಮಸ್ಕಾರ. ಇವತ್ತು ಒಂದು ಜಾಝ್ ಆಲ್ಬಂ ಬಗ್ಗೆ ಮಾತಾಡ್ತೀನಿ. ಮೈ ಫೇವರಿಟ್ ಥಿಂಗ್ಸ್ ಅಂತ ಹೆಸರು, 2015ರ ಮೇ ತಿಂಗಳಲ್ಲಿ ಬಂತು, ಪಿಯಾನೋ ನುಡಿಸಿರೋನು ಇಂಡೋನೇಷ್ಯಾದ ಬಾಲಿಯಲ್ಲಿ ಹುಟ್ಟಿದ ಜೋಯಿ ಅಲೆಕ್ಸಾಂಡರ್, ರೆಕಾರ್ಡಿಂಗ್ ಆದಾಗ ಅವನಿಗೆ 11 ವರ್ಷ. ವಯಸ್ಸು ಕೇಳಿದ ತಕ್ಷಣ ಎಲ್ರೂ ಮೂಗಿನ ಮೇಲೆ ಬೆರಳಿಡ್ತಾರೆ, ಹೊಗಳಿ ಬರೆದ ವಿಮರ್ಶಕರಲ್ಲೂ ಎಷ್ಟೋ ಜನ ಅಲ್ಲಿಂದಾನೇ ಶುರು ಮಾಡಿದ್ರು. ನನಗನ್ನಿಸೋದು, ಆ ಹುಡುಗನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಸಲ್ಲಬೇಕು. ಯಾರು ನುಡಿಸಿದ್ದು ಅಂತ ಹೇಳದೆ ಯಾರಿಗಾದ್ರೂ ಕೇಳಿಸಿದ್ರೂ ಇದು ಒಳ್ಳೆ ಆಲ್ಬಮ್ಮೇ.

ಮೊದಲನೇ ಟ್ರ್ಯಾಕ್ ಜೈಂಟ್ ಸ್ಟೆಪ್ಸ್. ಸ್ಯಾಕ್ಸೋಫೋನ್ ದಿಗ್ಗಜ ಜಾನ್ ಕೋಲ್ಟ್ರೇನ್ 1959ರಲ್ಲಿ ರೆಕಾರ್ಡ್ ಮಾಡಿದ್ದು, ಜಾಝ್ ಕಲಿಯೋರಿಗೆಲ್ಲಾ ಅದು ಅಗ್ನಿಪರೀಕ್ಷೆ. ಇರೋದು 16 ಬಾರ್, ಅಂದ್ರೆ ನಮ್ಮ ತಾಳದ ಆವರ್ತದ ಥರದ ಅಳತೆ, ಅಷ್ಟರೊಳಗೆ ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, 26 ಸಲ ಬದಲಾಗುತ್ತೆ, ಅದೂ ಒಂದು ಕೀಯಲ್ಲಿ, ಅಂದ್ರೆ ಒಂದೇ ಆಧಾರ ಸ್ವರದಲ್ಲಿ, ನಿಂತ್ಕೊಂಡು ಅಲ್ಲ, ಬಿ, ಜಿ, ಇ ಫ್ಲ್ಯಾಟ್ ಅಂತ ಮೂರು ಕೀಗಳ ಮಧ್ಯೆ ಜಿಗೀತಾ ಇರ್ಬೇಕು, ಟೆಂಪೋ ನೋಡಿದ್ರೆ ಉಸಿರಾಡೋಕೆ ಬಿಡಲ್ಲ. ಕೋಲ್ಟ್ರೇನ್ ಜೊತೆ ಅವತ್ತು ಪಿಯಾನೋದಲ್ಲಿ ಕೂತಿದ್ದ ಟಾಮಿ ಫ್ಲಾನಗನ್ ಸಾಮಾನ್ಯರಲ್ಲ, ಅಂಥವರೇ ಸೋಲೋದಲ್ಲಿ, ಅಂದ್ರೆ ತಮ್ಮ ಸರದಿ ಬಂದಾಗ ಮುಂದೆ ನಿಂತು ನುಡಿಸೋ ಭಾಗದಲ್ಲಿ, ತಡವರಿಸಿದ್ದು ರೆಕಾರ್ಡಲ್ಲಿ ಇವತ್ತಿಗೂ ಕೇಳಿಸುತ್ತೆ.

ಅಂಥದ್ದನ್ನ ತನ್ನ ಮೊದಲ ಆಲ್ಬಮ್ಮಿನ ಮೊದಲ ಟ್ರ್ಯಾಕಾಗಿ ಇಟ್ಕೊಳ್ಳೋಕೆ ಗುಂಡಿಗೆ ಬೇಕು. ಧೈರ್ಯ ಇದ್ರೆ ಸಾಕಾ ಅಂದ್ರೆ ಸಾಕಾಗಲ್ಲ, ಸ್ಪೀಡಾಗಿ ಬೆರಳಾಡಿಸೋರು ಬೇಕಾದಷ್ಟು ಜನ ಇದ್ದಾರೆ. ನೀವು ಕೇಳುವಾಗ ಬಲಗೈನ ಸ್ವಲ್ಪ ಬಿಟ್ಟು ಎಡಗೈ ಕಡೆ ಕಿವಿ ಕೊಡಿ. ಬಲಗೈ ಓಡ್ತಿರೋವಾಗ ಎಡಗೈ ಸುಮ್ನೆ ತಾಳ ಹಾಕ್ತಾ ಕೂತಿಲ್ಲ, ನಡುವೆ ಒಂದು ಕಾರ್ಡ್ ಹಾಕಿ ಮಾತಿಗೆ ಹೂಂ ಅಂದಂಗೆ ಮಾಡುತ್ತೆ, ಕೆಲವು ಕಡೆ ಏನೂ ನುಡಿಸದೆ ಜಾಗ ಬಿಡುತ್ತೆ, ಆ ಜಾಗದಲ್ಲಿ ಬಾಸ್ (ತಗ್ಗಿನ ಸ್ವರದ ದೊಡ್ಡ ತಂತಿವಾದ್ಯ) ಮತ್ತು ಡ್ರಮ್ಸ್ ನುಡಿಸೋರು ಬಂದು ಸೇರ್ಕೊಳ್ತಾರೆ. ನಮ್ಮ ಕಛೇರಿಗಳಲ್ಲಿ ಮನೋಧರ್ಮ ಅಂತೀವಲ್ಲ, ಪಾಠಾಂತರ ಒಪ್ಪಿಸೋದು ಮುಗಿದ ಮೇಲೆ ಶುರುವಾಗೋ ಆ ಸ್ವಂತ ಯೋಚನೆ, ಅದು ಈ ಹುಡುಗನ ಹತ್ರ ಇದೆ, ನನಗೆ ಅದರಲ್ಲಿ ಅನುಮಾನವೇ ಇಲ್ಲ.

ಇದೆಲ್ಲಾ ಎಲ್ಲಿಂದ ಬಂತು ಅಂದ್ರೆ ಮನೆಯಲ್ಲಿ ಅಪ್ಪನ ಜಾಝ್ ರೆಕಾರ್ಡುಗಳು ಇದ್ವು. ಆರನೇ ವಯಸ್ಸಿಗೇ ಜಾಝ್ ಪಿಯಾನೋ ದಿಗ್ಗಜ ಥೆಲೋನಿಯಸ್ ಮಂಕ್ ರಚನೆಯೊಂದನ್ನ ಕೇಳಿ ಕೇಳಿಯೇ ಪಿಯಾನೋದಲ್ಲಿ ಹಿಡಿದ, ಎಂಟಕ್ಕೆ ಇನ್ನೊಬ್ಬ ಪಿಯಾನೋ ದಿಗ್ಗಜ ಹರ್ಬಿ ಹ್ಯಾನ್ಕಾಕ್ ಮುಂದೆ ನುಡಿಸಿದ, 2013ರಲ್ಲಿ ಉಕ್ರೇನಿನ ಒಡೆಸ್ಸಾದ ಜಾಝ್ ಸ್ಪರ್ಧೆಯಲ್ಲಿ ಗ್ರ್ಯಾಂಡ್ ಪ್ರಿ ಅನ್ನೋ ದೊಡ್ಡ ಬಹುಮಾನ ಗೆದ್ದ, ಮರುವರ್ಷ ಹೆಸರಾಂತ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ನ್ಯೂಯಾರ್ಕಿಗೆ ಕರೆಸಿಕೊಂಡ್ರು.

ಆಲ್ಬಮ್ಮಲ್ಲಿ ಬಾಸ್ ನುಡಿಸಿರೋರಲ್ಲಿ ಲ್ಯಾರಿ ಗ್ರೆನಡಿಯರ್ ಇದ್ದಾರೆ, ಪಿಯಾನೋ ವಾದಕ ಬ್ರಾಡ್ ಮೆಲ್ಡಾವ್ ಅವರ ಟ್ರಯೋದಲ್ಲಿ, ಅಂದ್ರೆ ಮೂವರ ತಂಡದಲ್ಲಿ, ವರ್ಷಗಟ್ಟಲೆ ನುಡಿಸಿದ ಪಳಗಿದ ಕೈ. ಡ್ರಮ್ಸಲ್ಲಿ ಯುಲಿಸಿಸ್ ಓವೆನ್ಸ್ ಜೂನಿಯರ್. ಮಗು ಅಂತ ಅವರು ಎಲ್ಲೂ ರಿಯಾಯಿತಿ ತೋರಿಸಿಲ್ಲ, ಬೆನ್ನು ಬೆನ್ನಿಗೆ ಪ್ರಶ್ನೆ ಹಾಕ್ತಾರೆ, ಇವನೂ ಅಷ್ಟೇ ಸಲೀಸಾಗಿ ಉತ್ತರ ಕೊಡ್ತಾನೆ.

ಆಲ್ಬಮ್ಮಲ್ಲಿರೋ ಲಶ್ ಲೈಫ್ ಅನ್ನೋ ಟ್ರ್ಯಾಕ್ ಬಗ್ಗೆ ಮಾತ್ರ ವಿಮರ್ಶಕರು ಒಂದು ಪ್ರಶ್ನೆ ಎತ್ತಬಹುದು. ಬದುಕಿ ಬೇಸತ್ತವರ ಹಾಡು ಅದು, ಬಾರು, ಮುರಿದ ಪ್ರೀತಿ, ಒಂಟಿತನ, ಹನ್ನೊಂದು ವರ್ಷದವನಿಗೆ ಅದರಲ್ಲಿ ಏನು ಗೊತ್ತಾಗುತ್ತೆ ಅಂತ. ಆದ್ರೆ ಹಾಡು ಕಟ್ಟಿದ ಬಿಲ್ಲಿ ಸ್ಟ್ರೇಹಾರ್ನ್ ಅದನ್ನ ಬರೆಯೋಕೆ ಶುರು ಮಾಡಿದ್ದೇ ಹದಿಹರೆಯದಲ್ಲಿ! ಅನುಭವ ಆಗದೆ ಭಾವ ಬರಲ್ಲ ಅನ್ನೋ ವಾದ ಆ ಹಾಡಿನ ಮುಂದೆ ಮೊದಲಿಂದಲೂ ನಿಂತಿಲ್ಲ. ನನ್ನ ತಕರಾರು ಬೇರೆ, ಅಲ್ಲಲ್ಲಿ ಅಲಂಕಾರ ಜಾಸ್ತಿಯಾಯ್ತು ಅನ್ಸುತ್ತೆ, ಒಂದು ಸ್ವರ ಸಾಕಾಗಿದ್ದ ಕಡೆ ನಾಲ್ಕು ಬಂದಿವೆ. ಹಾರ್ಮನಿ ಮಾತ್ರ ಬಹಳ ಚೆನ್ನಾಗಿ ಕಟ್ಟಿದ್ದಾನೆ, ಗೊತ್ತಿರೋ ಟ್ಯೂನಿನ ಕೆಳಗೆ ಗೊತ್ತಿಲ್ಲದ ಕಾರ್ಡ್ ಬಂದಾಗ ಟ್ಯೂನೇ ಹೊಸದಾಗಿ ಕೇಳುತ್ತೆ.

ಮಾ ಬ್ಲೂಸ್ ಅಂತ ಅವನದೇ ಒಂದು ರಚನೆಯೂ ಇದೆ, ಗಟ್ಟಿಯಾದ ಸ್ವಿಂಗ್, ಅಂದ್ರೆ ಜಾಝ್‌ನ ತೂಗಾಡೋ ಲಯ, ಕೇಳ್ತಾ ಇದ್ರೆ ಕಾಲು ತಾನಾಗೇ ಕುಣಿಯುತ್ತೆ. ಇಂಥದ್ದು ಇನ್ನೂ ಎರಡು ಮೂರು ಇರಬೇಕಿತ್ತು.

ಎರಡು ಗ್ರ್ಯಾಮಿ ನಾಮಿನೇಶನ್ ಬಂತು, ಒಂದು ಇಡೀ ಆಲ್ಬಮ್ಮಿಗೆ, ಇನ್ನೊಂದು ಜೈಂಟ್ ಸ್ಟೆಪ್ಸ್ ಸೋಲೋಗೆ. ಎರಡೂ ಕೈಗೆ ಸಿಗಲಿಲ್ಲ, 2016ರಲ್ಲಿ ಆಲ್ಬಂ ಪ್ರಶಸ್ತಿ ಜಾನ್ ಸ್ಕೋಫೀಲ್ಡ್‌ಗೆ ಹೋಯ್ತು, ಸೋಲೋದ್ದು ಕ್ರಿಶ್ಚಿಯನ್ ಮೆಕ್‌ಬ್ರೈಡ್‌ಗೆ, ಇಬ್ಬರೂ ಘಟಾನುಘಟಿಗಳು. ಆಮೇಲೆ 2020ರಲ್ಲಿ ಬಂದ ವಾರ್ನಾ ಅನ್ನೋ ಆಲ್ಬಮ್ಮಲ್ಲಿ ಹೆಚ್ಚಿನವು ಅವನ ಸ್ವಂತ ರಚನೆಗಳೇ. ಮೊದಲನೇದನ್ನ ಕೇಳಿ ಮುಗಿಸಿದವರು ನೇರ ಅದಕ್ಕೆ ಹೋಗಿ. ನಮಸ್ಕಾರ.