ಅವ್ವನ ಮಾತು ಡಾಕ್ಟರಿಗೆ ಹೇಳೋ ಮಗ

ಎಲ್ಲರಿಗೂ ನಮಸ್ಕಾರ್ರೀ. ವಲಸೆ ಕುಟುಂಬ ಹೊಸ ಊರಿಗೆ ಹೆಂಗ ಹೊಂದ್ಕೋತಾವು ಅನ್ನೋದರ ಬಗ್ಗೆ ಮಾತಾಡ್ರಿ ಅಂತ ಕರ್ದೀರಿ. ಅದಕ್ಕ ಅಮೆರಿಕಾ ದುಬೈ ತನಕ ಹೋಗೋದು ಬ್ಯಾಡ, ನಮ್ಮ ಸಿಂಧನೂರಿನ ಸುತ್ತ ಯಾವ ದಿಕ್ಕಿಗೆ ಹೋದ್ರೂ ಒಂದು ಕ್ಯಾಂಪ್, ಅಂದ್ರ ಹೊರಗಿಂದ ಬಂದವರು ನೆಲಿ ನಿಂತ ಊರು, ಸಿಗತೈತಿ.

ಆದ್ರ ಕ್ಯಾಂಪ್ ಅಂದ್ರ ಎಲ್ಲಾ ಒಂದೇ ಅಲ್ರೀ. 1953ರಾಗ ತುಂಗಭದ್ರಾ ಡ್ಯಾಮ್ ಆತು, ಎಡದಂಡೆ ಕಾಲುವಿಗೆ ನೀರು ಬಂತು, ಆಂಧ್ರದ ರೈತರು ಬಂದು ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹೊಲ ತಗೊಂಡು ಭತ್ತ ಹಚ್ಚಿದ್ರು. ಅವರ ಕೈಯಾಗ ಕಸುಬು ಇತ್ತು, ಹಿಂದ ಒಂದು ಊರೂ ಇತ್ತು, ಹಬ್ಬಕ್ಕ ಹೋಗಿ ಬರಬಹುದಿತ್ತು. ಆರ್‌ಎಚ್ ಕ್ಯಾಂಪ್, ಅಂದ್ರ ಪುನರ್ವಸತಿ ಕ್ಯಾಂಪಿನ ಬಂಗಾಲಿ ಮಂದೀದು ಬ್ಯಾರೆ ಕತಿ. ಪೂರ್ವ ಪಾಕಿಸ್ತಾನದಾಗ, ಅಂದ್ರ ಈಗಿನ ಬಾಂಗ್ಲಾದೇಶದಾಗ, ಮನಿ ಮಾರು ಬಿಟ್ಟು ಬಂದವರನ್ನ ಸರ್ಕಾರ ಇಲ್ಲಿ ತಂದು ನೆಲಿ ಮಾಡಿಸ್ತು. ಹೊಳಿ, ಮೀನು, ಜಡಿಮಳಿ ಕಂಡ ಮಂದಿ ಈ ಎರಿ ನೆಲ, ಈ ರಾಯಚೂರು ಬಿಸಿಲಿಗೆ ಬಿದ್ರು, ವಾಪಸ್ ಹೋಗ್ತೀನಿ ಅನ್ನಾಕ ಜಾಗಾನೇ ಇಲ್ಲ.

ದೊಡ್ಡವರು ದುಡಿಮಿಗೆ ಬಿದ್ದು ಹೊಲದಾಗ, ಸಂತ್ಯಾಗ ಬೇಕಾದಷ್ಟು ಕನ್ನಡ ಕಲ್ತ್ರು. ಪೂರಾ ಕನ್ನಡ ಬಂದಿದ್ದು ಸಾಲಿಗೆ ಹೋದ ಹುಡುಗ್ರಿಗೆ. ಅಲ್ಲಿಂದ ಮನಿ ತಲಿಕೆಳಗಾಗತೈತಿ ನೋಡ್ರಿ, ಇದು ಯಾವ ದೇಶಕ್ಕ ಹೋದ ವಲಸೆ ಕುಟುಂಬದಾಗೂ ಕಾಣೋದೇ. ಬ್ಯಾಂಕಿನಾಗ ಅಪ್ಪನ ಪರವಾಗಿ ಹುಡುಗ ಮಾತಾಡ್ತಾನ, ನಾಡಕಚೇರಿಯಾಗ ಅರ್ಜಿ ಅವನೇ ಬರೀತಾನ, ಎಷ್ಟು ಸಾಲ ಐತಿ, ಯಾರು ಬೈದ್ರು ಎಲ್ಲಾ ಅವನಿಗೆ ಮೊದಲು ಗೊತ್ತಾಗತೈತಿ. ಮಗ ಬುದ್ಧಿವಂತ ಅಂತ ನಾವು ಬೆನ್ನು ತಟ್ಟತೀವಿ, ಆದ್ರ ಅಪ್ಪ ಮಗನ ಮುಂದ ಸಣ್ಣಾಗ್ತಾನ, ಹುಡುಗಗ ರಾತ್ರಿ ನಿದ್ದಿ ಬರಂಗಿಲ್ಲ.

ದವಾಖಾನಿ ವಿಷಯ ಇನ್ನೂ ಕಷ್ಟ. ಹತ್ತು ವರ್ಷದ ಮಗನ ಬಾಯಿಂದ ಅವ್ವ ತನ್ನ ಮುಟ್ಟಿನ ತ್ರಾಸು ಡಾಕ್ಟರಿಗೆ ಹೆಂಗ ಹೇಳಿಸ್ಬೇಕ್ರೀ? ಹೊಟ್ಟಿನೋವು ಅಂತಷ್ಟೇ ಹೇಳಿಸ್ತಾಳ, ಗುಳಿಗಿ ತಗೊಂಡು ಮನಿಗೆ ಬರ್ತಾಳ, ರೋಗ ಒಳಗ ಉಳೀತೈತಿ.

ಹೊಂದ್ಕೊಳ್ಳೋದು ಬಂದವರದೇ ಕೆಲಸ ಅನ್ನೋದನ್ನ ನಾನು ಒಪ್ಪಂಗಿಲ್ಲ. ಅವರು ತಮ್ಮ ಪಾಲು ಮಾಡ್ಯಾರ, ಮಕ್ಕಳನ್ನ ಕನ್ನಡ ಸಾಲಿಗೆ ಹಾಕ್ಯಾರ, ದುರ್ಗಾಪೂಜಾನೂ ಬಿಟ್ಟಿಲ್ಲ, ಬಿಡಬಾರ್ದು ಕೂಡ. ನಮ್ಮ ಕಡಿಯಿಂದ ಏನಾತು? ಪೌರತ್ವದ ಕಾಗದಕ್ಕ ಎಷ್ಟೋ ಮಂದಿ ದಶಕಗಟ್ಟಲೆ ಕಾದ್ರು, 2019ರಾಗ ಕಾಯ್ದೆ ತಿದ್ದುಪಡಿ ಆಗಿ, 2024ರಾಗ ನಿಯಮ ಬಂದ ಮ್ಯಾಲ ಇಲ್ಲಿ ಕೆಲವರ ಕೈಗೆ ಪತ್ರ ಬಂತು. ಇಲ್ಲೇ ಹುಟ್ಟಿ, ಇಲ್ಲೇ ಭತ್ತ ನಾಟಿ ಮಾಡಿದವರಿಗೂ ನೀವು ಎಲ್ಲಿಯವರು ಅಂತ ಇನ್ನೂ ಕೇಳತೀವಲ್ಲ, ಅದು ನನಗ ಭಾಳ ಸಂಕಟ ಆಗತೈತಿ. ನಮ್ಮ ರಾಯಚೂರಿನ ಮಂದೀನೂ ಗುಳೆ ಹೋಗ್ತಾರ, ಪುಣೆದಾಗ ಅವರ ಮಕ್ಕಳೂ ಹಿಂಗ ಅಪ್ಪ ಅವ್ವನ ಬಾಯಿ ಆಗಿರ್ತಾವು.

ಇಲ್ಲಿ ಮಾಸ್ತರು, ನರ್ಸಮ್ಮನವರು ಕುಂತೀರಿ, ನಿಮಗ ನನ್ನ ಬೇಡಿಕಿ ಇಷ್ಟು: ಕ್ಯಾಂಪಿನಾಗ ಎರಡೂ ಭಾಷಾ ಬರೋ ಹೆಣ್ಮಕ್ಕಳು ಅದಾರ, ದವಾಖಾನಿಯಾಗ ವಾರಕ್ಕ ಒಂದೆರಡು ದಿನ ಅವರನ್ನ ಕೂಡಿಸ್ರಿ, ಪುಗಸಟ್ಟೆ ಅಲ್ಲ, ಪಗಾರ ಕೊಟ್ಟು. ಅರ್ಜಿ ಬರಿಯಾಕ ಅಂತ ಸಾಲಿ ಬಿಡಿಸಿಕೊಂಡು ಹೋದ ಹುಡುಗ ಕಂಡ್ರ ಅವನಿಗೆ ಬಯ್ಯಬ್ಯಾಡ್ರಿ, ಅವನ ಅಪ್ಪನ ಜೋಡಿ ಕಚೇರಿಗೆ ನಮ್ಮಾಗಿನ ದೊಡ್ಡವರೊಬ್ರು ಹೋಗ್ರಿ.