ಎಲ್ಲಿಯ ತನಕ ಎಂದು ಬರೆಯಲಿಲ್ಲ
(ಹುಬ್ಬಳ್ಳಿಯಲ್ಲಿ ನಡೆದ ವೈದ್ಯರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)

ಅಧ್ಯಕ್ಷರೇ, ಹುಬ್ಬಳ್ಳಿ-ಧಾರವಾಡದ ವೈದ್ಯ ಮಿತ್ರರೇ, ಗದಗ, ಹಾವೇರಿಗಳಿಂದ ಮುಂಜಾನೆಯ ಬಸ್ಸು ಹಿಡಿದು ಬಂದವರೇ,

ಭಾನುವಾರ ಮನೆಯ ತಿಂಡಿ ಬಿಟ್ಟು ಹೊಟ್ಟೆಯ ಬಗ್ಗೆ ಕೇಳಲು ಬಂದಿದ್ದೀರಿ. ಇದರಲ್ಲಿ ಜ್ಞಾನದಾಹ ಎಷ್ಟು, ಕ್ರೆಡಿಟ್ ಅವರ್ ಎಷ್ಟು ಎಂದು ನಾನು ಕೇಳುವುದಿಲ್ಲ. ವೈದ್ಯನಾದವನು ಐದು ವರ್ಷಕ್ಕೆ 30 ಗಂಟೆ ಇಂಥ ಸಭೆಗಳಲ್ಲಿ ಕೂರಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2002ರ ನಿಯಮಾವಳಿಯಲ್ಲಿ ಬರೆದಿತ್ತು. ವರ್ಷಕ್ಕೆ ಆರು ಗಂಟೆ. ನಮ್ಮ ಕಡೆಯ ಒಂದು ಮದುವೆಗೆ ಹೋಗಿಬಂದರೆ ಅಷ್ಟು ಹೊತ್ತು ತಾನಾಗಿ ಕಳೆದುಹೋಗುತ್ತದೆ.

ಕನ್ನಡದಲ್ಲಿಯೇ ಮಾತನಾಡುತ್ತೇನೆ ಎಂದಾಗ ಸಂಘಟಕರು ತುಸು ಗಾಬರಿಯಾದರು. ನನಗೊಂದು ಕಾರಣವಿದೆ. ರೋಗಿ ನಮ್ಮೆದುರು ಕುಳಿತು ಎದೆ ಉರಿ ಎನ್ನುತ್ತಾನೆ, ಹುಳಿ ತೇಗು ಎನ್ನುತ್ತಾನೆ, ಎರಡು ತುತ್ತು ತಿನ್ನುವುದರಲ್ಲಿ ಹೊಟ್ಟೆ ಬಿಗಿಯುತ್ತದೆ ಎನ್ನುತ್ತಾನೆ. ಅವನು ಹೇಳುತ್ತಿರುವುದು ಬೇರೆ ಬೇರೆ ತೊಂದರೆಗಳನ್ನು. ನಾವು ಅದನ್ನೆಲ್ಲ ಒಟ್ಟುಗೂಡಿಸಿ ‘ಆಸಿಡಿಟಿ’ ಎಂದು ಬರೆದು ಒಂದೇ ಗುಳಿಗೆ ಕೊಡುತ್ತೇವೆ. ಕನ್ನಡದಲ್ಲಿ ಕೇಳಿದ್ದನ್ನು ಕನ್ನಡದಲ್ಲಿಯೇ ಬರೆದುಕೊಂಡಿದ್ದರೆ ಅರ್ಧ ತಪ್ಪು ತಪ್ಪುತ್ತಿತ್ತು.

ನನಗೆ ಐದು ವಿಷಯ ಒಪ್ಪಿಸಿದ್ದಾರೆ: ಹುಣ್ಣು, ಆಮ್ಲದ ಗುಳಿಗೆ, ಹೆಪಟೈಟಿಸ್, ಕೊಬ್ಬಿನ ಯಕೃತ್ತು, ಕರುಳಿನ ಕ್ಷಯ. ಸಮಯ ನಲವತ್ತು ನಿಮಿಷ. ಆಗುವುದಿಲ್ಲ ಎಂದು ನನಗೂ ಗೊತ್ತು, ಅಧ್ಯಕ್ಷರಿಗೂ ಗೊತ್ತು.

ಹುಣ್ಣಿನಿಂದ ಶುರುಮಾಡುತ್ತೇನೆ. 1986ರಲ್ಲಿ ನನ್ನ ಬಳಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಬಂದರು. ರಾತ್ರಿ ಎರಡು ಗಂಟೆಗೆ ಹೊಟ್ಟೆ ಕೊರೆದು ಎಬ್ಬಿಸುತ್ತದೆ, ಏನಾದರೂ ತಿಂದರೆ ತಣ್ಣಗಾಗುತ್ತದೆ. ಪಠ್ಯಪುಸ್ತಕದ ಪುಟವೇ ಎದ್ದು ನಡೆದು ಬಂದ ಹಾಗಿತ್ತು: ಸಣ್ಣ ಕರುಳಿನ ಮೊದಲ ತುದಿಯ ಹುಣ್ಣು. ನಾನು ಆಗಿನ್ನೂ ಹೊಸಬ, ಗುರುಗಳು ಹೇಳಿಕೊಟ್ಟದ್ದನ್ನು ಹಾಗೆಯೇ ಹೇಳಿದೆ. ಆಮ್ಲವಿಲ್ಲದೆ ಹುಣ್ಣಿಲ್ಲ; ಇದು 1910ರಿಂದ ನಡೆದುಬಂದ ಮಂತ್ರ. ಆಮ್ಲ ತಗ್ಗಿಸುವ ಸಿಮೆಟಿಡಿನ್ ಗುಳಿಗೆ ಬರೆದೆ, ಹಾಲು ಕುಡಿಯಿರಿ ಎಂದೆ, ಚೀಟಿಯ ಕೆಳಗೆ ದಪ್ಪ ಅಕ್ಷರದಲ್ಲಿ ‘ಖಾರ ಬಂದ್’ ಎಂದು ಬರೆದು ಎರಡು ಗೆರೆ ಎಳೆದೆ.

ಅವರು ಒಪ್ಪಿದ ಮಾತು ಮೀರದ ಮನುಷ್ಯ. ಅಂದಿನಿಂದ ಮನೆಯಲ್ಲಿ ಎರಡು ಗಡಿಗೆ, ಒಂದು ಕೆಂಪು, ಒಂದು ಬಿಳಿ. ಬೀಗರ ಮನೆಗೆ ಹೋದರೆ ಹಾಲು-ಅನ್ನದ ಡಬ್ಬಿ ಜೊತೆಗೆ. ಸುಗ್ಗಿಯಲ್ಲಿ ಆ ಮಾರುಕಟ್ಟೆಯನ್ನು ನೀವು ನೋಡಿದ್ದೀರಿ, ಕಣ್ಣು ಹಾಯುವಷ್ಟು ದೂರ ಕೆಂಪು ರಾಶಿ, ಹೊಸಬರು ಸೀನುತ್ತಲೇ ಒಳಗೆ ಹೋಗಬೇಕು. ಅದರ ನಡುವೆ ಕುಳಿತು ಈ ಮನುಷ್ಯ ಕಾಯಿ ಮುರಿದು ಮೂಸಿ, ಸುಕ್ಕು ನೋಡಿ, ಬಣ್ಣ ನೋಡಿ ಬೆಲೆ ಕಟ್ಟುತ್ತಾರೆ, ನಾಲಿಗೆಗೆ ಮುಟ್ಟಿಸುವುದಿಲ್ಲ. “ನನ್ನ ಮಾಲು ದೇಶವೆಲ್ಲ ತಿನ್ನುತ್ತದೆ ಸಾಹೇಬರೇ, ನಾನು ಮಾತ್ರ ವಾಸನೆಯ ಮೇಲೆ ಇದ್ದೇನೆ” ಎಂದು ಒಮ್ಮೆ ಹೇಳಿದ್ದರು. ನಾನು ನಕ್ಕು ಗುಳಿಗೆ ಮುಂದುವರಿಸಿದೆ. ಗುಳಿಗೆ ನಿಂತರೆ ಹುಣ್ಣು ಮರಳುತ್ತಿತ್ತು, ಮತ್ತೆ ಗುಳಿಗೆ. ಹೀಗೆ ಹನ್ನೊಂದು ವರ್ಷ.

ಇತ್ತ ನಾನು ‘ಖಾರ ಬಂದ್’ ಎಂದು ಬರೆಯುವ ನಾಲ್ಕು ವರ್ಷ ಮೊದಲೇ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ವಿಷಯ ಬೇರೆಯಾಗಿಬಿಟ್ಟಿತ್ತು. ರಾಬಿನ್ ವಾರನ್ ಎಂಬ ರೋಗಶಾಸ್ತ್ರಜ್ಞರು 1979ರಿಂದ ಜಠರದ ತುಣುಕುಗಳಲ್ಲಿ ಸುರುಳಿ ಆಕಾರದ ಬ್ಯಾಕ್ಟೀರಿಯಾ ನೋಡುತ್ತಿದ್ದರು. ಜಠರದ ಆಮ್ಲದಲ್ಲಿ ಜೀವಿ ಬದುಕುವುದೆಂದರೇನು ಎಂದು ಯಾರೂ ನಂಬಲಿಲ್ಲ. ಬ್ಯಾರಿ ಮಾರ್ಷಲ್ ಎಂಬ ತರುಣ ಜೊತೆಯಾದ. ಬ್ಯಾಕ್ಟೀರಿಯಾ ಬೆಳೆಸಲು ಮೂವತ್ತಕ್ಕೂ ಹೆಚ್ಚು ಸಲ ಪ್ರಯತ್ನಿಸಿದರು. ಎರಡು ದಿನ ಕಾದು, ಏನೂ ಕಾಣದೆ ತಟ್ಟೆ ಎಸೆಯುತ್ತಿದ್ದರು. 1982ರ ಈಸ್ಟರ್ ರಜೆ ಬಂತು. ತಟ್ಟೆ ಎಸೆಯುವವರಿಲ್ಲದೆ ಹಾಗೆಯೇ ಉಳಿಯಿತು. ರಜೆ ಮುಗಿಸಿ ಬಂದು ನೋಡಿದರೆ ಬೆಳೆದಿದೆ! ಸರಕಾರಿ ರಜೆಯಿಂದ ವಿಜ್ಞಾನಕ್ಕೆ ಇಷ್ಟು ದೊಡ್ಡ ಉಪಕಾರ ಆದದ್ದು ನನಗೆ ತಿಳಿದಂತೆ ಇದೊಂದೇ. ಹುಣ್ಣಿನ ಮೂಲ ಇದೇ ಎಂದರೆ ಆಗಲೂ ಜಗತ್ತು ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಕದಡಿದ ನೀರನ್ನು ತಾನೇ ಕುಡಿದ. ಕೆಲವೇ ದಿನಗಳಲ್ಲಿ ವಾಂತಿ, ಬಾಯಿ ದುರ್ವಾಸನೆ. ಹತ್ತನೆಯ ದಿನ ದುರ್ಬೀನು ಹಾಕಿ ನೋಡಿದರೆ ಜಠರದ ಒಳಪೊರೆ ಕೆಂಪಗೆ ಉರಿದಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಸಂಶೋಧನೆಯ ಲೇಖನ ಪರ್ತ್‌ನಿಂದ ನನ್ನ ಮೇಜಿಗೆ ಬರಲು ಹತ್ತು ವರ್ಷ ಹಿಡಿಯಿತು. ನಾನು ಅದನ್ನು ಓದಿ ನಂಬಲು ಇನ್ನೂ ಕೆಲವು ವರ್ಷ. 1997ರಲ್ಲಿ ನಮ್ಮ ವ್ಯಾಪಾರಿಗೆ ಎರಡು ವಾರದ ಆಂಟಿಬಯಾಟಿಕ್ ಕೊಟ್ಟೆ. ಹುಣ್ಣು ಹೋಯಿತು, ಹೋದದ್ದು ಮರಳಲಿಲ್ಲ. ಆರು ತಿಂಗಳ ಬಳಿಕ ಐದು ಕಿಲೋ ಮೆಣಸಿನಕಾಯಿಯ ಚೀಲ ಹೊತ್ತು ಬಂದರು. ಚೀಲ ಮೇಜಿನ ಮೇಲಿಟ್ಟು, ಜೇಬಿನಿಂದ ಹಳದಿಯಾದ ಹಳೆಯ ಚೀಟಿ ತೆಗೆದು ಬಿಚ್ಚಿದರು. “ಖಾರ ಬಂದ್ ಎಂದು ಬರೆದಿರಿ ಸಾಹೇಬರೇ. ಎಲ್ಲಿಯ ತನಕ ಎಂದು ಬರೆಯಲಿಲ್ಲ.” ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಖಾರದ ಕಥೆ ಇನ್ನೂ ಇದೆ. 1995ರಲ್ಲಿ ಸಿಂಗಪುರದಲ್ಲಿ ಹದಿನೆಂಟು ಆರೋಗ್ಯವಂತರಿಗೆ 20 ಗ್ರಾಂ ಮೆಣಸಿನ ಪುಡಿ ಕುಡಿಸಿ, ಅರ್ಧ ಗಂಟೆಯ ನಂತರ 600 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. ಬರೀ ನೀರು ಕುಡಿದು ಆಸ್ಪಿರಿನ್ ತೆಗೆದುಕೊಂಡಾಗ ಆದ ಗಾಯಕ್ಕಿಂತ ಖಾರ ತಿಂದಾಗ ಆದದ್ದೇ ಕಡಿಮೆ. ಇದನ್ನು ಕೇಳಿ ನಾಳೆಯಿಂದ ಹುಣ್ಣಿಗೆ ಮಿರ್ಚಿ ಭಜಿ ಬರೆದುಕೊಡಬೇಡಿ. ಖಾರ ತಿಂದರೆ ಉರಿ ಕಾಣುವವರು ಇದ್ದಾರೆ, ಅವರು ಕಡಿಮೆ ಮಾಡಲಿ. ಆದರೆ ಉರಿ ಬೇರೆ, ಹುಣ್ಣು ಬೇರೆ. ಇನ್ನು ನಾನು ಕುಡಿಸಿದ ಹಾಲು? ಹಾಲು ಆ ಕ್ಷಣಕ್ಕೆ ತಂಪು, ಹಿಂದೆಯೇ ಆಮ್ಲ ಹೆಚ್ಚಿಸುತ್ತದೆ.

ಈಗ ಎರಡನೆಯ ಚೀಲಕ್ಕೆ ಬರುತ್ತೇನೆ. ಕಳೆದ ವರ್ಷ ರೋಣ ತಾಲ್ಲೂಕಿನ ಅಜ್ಜಿಯೊಬ್ಬರು ತಂದ ಪ್ಲಾಸ್ಟಿಕ್ ಚೀಲ. ಮೇಜಿನ ಮೇಲೆ ಸುರಿಯಿರಿ ಎಂದೆ. ಒಂಬತ್ತು ಪಟ್ಟಿ ಗುಳಿಗೆ. ಎರಡು ಬೇರೆ ಬೇರೆ ಹೆಸರಿನ ಪ್ಯಾಂಟೊಪ್ರಜೋಲ್, ಅಂದರೆ ಆಮ್ಲ ತಡೆಯುವ ಗುಳಿಗೆ; ಮೂರನೆಯದು ಅದೇ ಮದ್ದು, ವಾಂತಿ ತಡೆಯುವ ಡೊಂಪೆರಿಡೋನ್ ಜೊತೆಗೆ. ಅಂದರೆ ಒಂದೇ ಗುಳಿಗೆ ದಿನಕ್ಕೆ ಮೂರು ವೇಷದಲ್ಲಿ. ಯಾಕೆ ಶುರುವಾಯಿತು ಎಂದು ಹಿಂದಕ್ಕೆ ಹೋಗುತ್ತಾ ಹೋದರೆ ನಾಲ್ಕು ವರ್ಷದ ಹಿಂದಿನ ಮೊಣಕಾಲು ನೋವು. ನೋವಿನ ಗುಳಿಗೆಗೆ ಕಾವಲಾಗಿ ಇದನ್ನು ಕೊಟ್ಟಿದ್ದರು. ನೋವಿನ ಗುಳಿಗೆ ಊರು ಬಿಟ್ಟು ಎಷ್ಟೋ ಕಾಲವಾಗಿದೆ, ಕಾವಲಿನವನು ಇನ್ನೂ ಕಟ್ಟೆಯ ಮೇಲೆ ಕುಳಿತಿದ್ದಾನೆ. ಚೀಟಿಗಳನ್ನು ತಿರುವಿ ನೋಡಿದೆ, ಯಾವುದರಲ್ಲಿಯೂ ನಿಲ್ಲಿಸುವ ತಾರೀಕು ಇಲ್ಲ. ಒಂದು ಚೀಟಿ ನನ್ನದೇ.

ನಿಲ್ಲಿಸಿದರೆ ಉರಿ ಬರುತ್ತದೆ ಎನ್ನುತ್ತೀರಿ. ಬರುತ್ತದೆ. 2009ರಲ್ಲಿ ಡೆನ್ಮಾರ್ಕಿನಲ್ಲಿ 120 ಆರೋಗ್ಯವಂತರನ್ನು ಎರಡು ಗುಂಪು ಮಾಡಿದರು. ಅವರಿಗೆ ಎದೆ ಉರಿಯೂ ಇರಲಿಲ್ಲ, ಹುಣ್ಣೂ ಇರಲಿಲ್ಲ. ಒಂದು ಗುಂಪಿಗೆ ಎಂಟು ವಾರ ಅದೇ ಜಾತಿಯ ಎಸೊಮೆಪ್ರಜೋಲ್, ಇನ್ನೊಂದಕ್ಕೆ ಬರೀ ಸುಳ್ಳು ಗುಳಿಗೆ. ಮದ್ದು ನಿಲ್ಲಿಸಿದ ಮೇಲೆ ಆ ಗುಂಪಿನಲ್ಲಿ ಶೇಕಡ 44 ಮಂದಿಗೆ ಎದೆ ಉರಿ, ಹುಳಿ ತೇಗು; ಸುಳ್ಳು ಗುಳಿಗೆಯವರಲ್ಲಿ ಶೇಕಡ 15. ರೋಗವೇ ಇಲ್ಲದವರಿಗೆ ಗುಳಿಗೆ ಬಿಡಿಸಿ ರೋಗ ತಂದಂತಾಯಿತು! ತಡೆದು ಹಿಡಿದ ಆಮ್ಲ ಕೆಲವು ವಾರ ಉಕ್ಕುತ್ತದೆ, ಆಮೇಲೆ ಇಳಿಯುತ್ತದೆ. ರೋಗಿಗೆ ಇದನ್ನು ಮೊದಲೇ ಹೇಳಿ. ಪ್ರಮಾಣ ಅರ್ಧ ಮಾಡಿ, ದಿನ ಬಿಟ್ಟು ದಿನ ಮಾಡಿ, ಆ ಕೆಲವು ವಾರಕ್ಕೆ ಆಂಟಾಸಿಡ್ ದ್ರವ ಕೊಡಿ. ಹೇಳದಿದ್ದರೆ ನಾಲ್ಕನೆಯ ದಿನ ಅವನು ಔಷಧ ಅಂಗಡಿಗೆ ಹೋಗಿ ಮತ್ತೆ ಶುರುಮಾಡುತ್ತಾನೆ.

ಹಾಗೆಂದು ಹೆದರಿಸಲೂ ಬೇಡಿ. ಈ ಗುಳಿಗೆಯಿಂದ ಮರೆವು, ಮೂತ್ರಪಿಂಡದ ತೊಂದರೆ ಎಂದು ಮೊಬೈಲಿನಲ್ಲಿ ಓದಿ ಬರುವವರಿದ್ದಾರೆ. 2019ರಲ್ಲಿ ಪ್ರಕಟವಾದ, 17,598 ಮಂದಿಯನ್ನು ಸುಮಾರು ಮೂರು ವರ್ಷ ನೋಡಿದ ಪರೀಕ್ಷೆಯಲ್ಲಿ ಪ್ಯಾಂಟೊಪ್ರಜೋಲ್ ಗುಂಪಿನಲ್ಲಿ ಖಚಿತವಾಗಿ ಹೆಚ್ಚಾಗಿ ಕಂಡದ್ದು ಕರುಳಿನ ಸೋಂಕು ಒಂದೇ. ಹಿಂದೆ ಹುಣ್ಣಿನಿಂದ ರಕ್ತ ಹೋಗಿ, ಈಗ ಹೃದಯಕ್ಕಾಗಿ ಆಸ್ಪಿರಿನ್ ಬೇಕಾದವರಿಗೆ ಇದು ದಿನವೂ ಬೇಕು. ಅವರ ಚೀಟಿಯಲ್ಲಿ ‘ನಿಲ್ಲಿಸಬಾರದು, ಕಾರಣ ಇಂಥದ್ದು’ ಎಂದು ಬರೆಯಿರಿ. ಅದೂ ತಾರೀಕಿನ ಲೆಕ್ಕವೇ. ಇನ್ನು ಕೊಡುವುದಾದರೆ ಊಟಕ್ಕೆ ಅರ್ಧ ಗಂಟೆ ಮೊದಲು. ರೊಟ್ಟಿ ತಿಂದು, ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ನುಂಗಿದರೆ ಅರ್ಧ ಮದ್ದು ವ್ಯರ್ಥ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಅದರ ಮೇಲೆ ತಾರೀಕಲ್ಲ, ನಿಮಿಷವೇ ಇದೆ: ಐದು.

ಎಚ್. ಪೈಲೋರಿ, ಅಂದರೆ ಪರ್ತ್‌ನ ಆ ಸುರುಳಿ ಬ್ಯಾಕ್ಟೀರಿಯಾ, ಇದೆಯೇ ಎಂದು ಉಸಿರಿನ ಇಲ್ಲವೇ ಮಲದ ಪರೀಕ್ಷೆ ಮಾಡಿಸುವ ಮೊದಲು ಆಮ್ಲದ ಗುಳಿಗೆಯನ್ನು ಎರಡು ವಾರ, ಆಂಟಿಬಯಾಟಿಕ್‌ಗಳನ್ನು ನಾಲ್ಕು ವಾರ ನಿಲ್ಲಿಸಿ. ಚಿಕಿತ್ಸೆ ಹದಿನಾಲ್ಕು ದಿನ. ಏಳು ದಿನಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಗಟ್ಟಿಯಾಗುತ್ತದೆ. ಮುಗಿದ ಮೇಲೆ ಹೋಯಿತೇ ಎಂದು ಮತ್ತೆ ಪರೀಕ್ಷಿಸಿ.

ಕರುಳಿನ ಕ್ಷಯ ಮತ್ತು ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ದುರ್ಬೀನಿನಲ್ಲಿ ಅವಳಿಗಳಂತೆ ಕಾಣುತ್ತವೆ, ಕ್ರೋನ್ಸ್ ಎಂದುಕೊಂಡು ಆತುರದಲ್ಲಿ ಸ್ಟೆರಾಯ್ಡ್ ಬರೆಯಬೇಡಿ. ಕ್ಷಯಕ್ಕೆ ಆರು ತಿಂಗಳು ಸಾಕು, ಒಂಬತ್ತು ಬೇಕಿಲ್ಲ ಎಂದು 2015ರಲ್ಲಿ ನಮ್ಮ ದೇಶದ್ದೇ ಅಧ್ಯಯನ ತೋರಿಸಿತು. ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ ಹನ್ನೆರಡು ವಾರಗಳಲ್ಲಿ ಗುಣವಾಗುತ್ತದೆ. ನೋಡಿ, ಇವೆರಡಕ್ಕೂ ನಿಲ್ಲಿಸುವ ತಾರೀಕು ಇದೆ. ಹೆಪಟೈಟಿಸ್ ಬಿ ಗುಳಿಗೆಯನ್ನು ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ರೋಗ ಭುಗಿಲೆದ್ದೀತು. ಕೊಬ್ಬಿನ ಯಕೃತ್ತಿಗೆ 2023ರಲ್ಲಿ ಹೊಸ ಹೆಸರಿಟ್ಟಿದ್ದಾರೆ. ಮದ್ದು ಬಹುಮಟ್ಟಿಗೆ ಹಳೆಯದೇ, ತೂಕ ನೂರಕ್ಕೆ ಏಳರಿಂದ ಹತ್ತು ಪಾಲು ಇಳಿಸುವುದು. ಪೇಡೆಯ ಊರಿನಲ್ಲಿ ನಿಂತು ಇದನ್ನು ಹೇಳುವುದು ಎಷ್ಟು ಕಷ್ಟ ಎಂದು ವಿವರಿಸಲು ಸಮಯವಿಲ್ಲ.

ಎರಡನೆಯ ಚೀಟಿಯೂ ಬಂತು. ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನಿಂದ ಮಿರ್ಚಿ ಕರಿಯುವ ವಾಸನೆ ಬರುತ್ತಿದೆ. ನಮ್ಮಲ್ಲಿ ಯಾರಾದರೂ ಊಟದ ಮೊದಲಿನ ಗುಳಿಗೆಯವರಿದ್ದರೆ ಈಗಲೇ ನುಂಗಿಬಿಡಿ, ಪ್ರಶ್ನೆಗಳು ಮುಗಿಯುವುದಕ್ಕೆ ಸರಿಯಾಗಿ ಅರ್ಧ ಗಂಟೆ ಆಗುತ್ತದೆ.